‘ನೋಡೋಣ’ ಎಂದವರ ಉದ್ರಿ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಹತ್ತದಷ್ಟು ಬದಲಿಸಿದ್ದೇನೆ. ಹಾಸನದ ನನ್ನ ಆಪ್ತಸಲಹೆಯ ಕೊಠಡಿಗೆ ಸಣ್ಣ ಊರುಗಳ ಪುರಸಭೆಗಳ ಹಾಲಿ, ಮಾಜಿ ಅಧ್ಯಕ್ಷರಾಗಲಿ ಅವರ ಮನೆಯವರಾಗಲಿ ಬರುವುದು ಹೊಸದೇನಲ್ಲ. ಬಂದವರೆಲ್ಲರ ಕಥೆಯಲ್ಲೂ ಒಂದೇ ಗಂಟು ಕಾಣುತ್ತಿರುವುದರಿಂದ ಮತ್ತು ಈ ಪ್ರಕರಣದಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಗಳೇ ಆಕ್ಷೇಪಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆತ ಐವತ್ತು ದಾಟಿದವರು. ಅರೆಮಲೆನಾಡಿನ ಒಂದು ಪುರಸಭೆಯ ಅಧ್ಯಕ್ಷರು. ಬಸ್ ನಿಲ್ದಾಣದ ಹತ್ತಿರ ತಂದೆಯ ಕಾಲದ ಸಿಮೆಂಟ್, ಪೈಪು, ಬಣ್ಣದ ಅಂಗಡಿ ಇದೆ. ನಮ್ಮಲ್ಲಿ ತುಂಬಿಸುವ ನಮೂನೆಯಲ್ಲಿ ಉದ್ಯೋಗದ ಎದುರು ‘ವ್ಯಾಪಾರ’ ಎಂದಷ್ಟೇ ಬರೆದಿದ್ದರು. ಎದೆ ಹೊಡೆದುಕೊಳ್ಳುತ್ತದೆ ಎಂದು ಎರಡು ಸಲ ಇಸಿಜಿ ಮಾಡಿಸಿ, ಹೃದಯಕ್ಕೆ ಏನೂ ಆಗಿಲ್ಲವೆಂದು ವೈದ್ಯರು ಹೇಳಿದ ಮೇಲೂ ರಾತ್ರಿ ಎರಡಕ್ಕೆ ಎದ್ದು ಕೂರುವುದು ತಪ್ಪಿರಲಿಲ್ಲ. ಅಂಥದೇ ಒಂದು ರಾತ್ರಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ತಮ್ಮ ಕಷ್ಟವನ್ನು ಸ್ನೇಹಿತನೊಬ್ಬನ ಕಷ್ಟವೆಂದು ಹೇಳಿಕೊಂಡಿದ್ದರಂತೆ. ನಮ್ಮ ಕಡೆಯ ಗಂಡಸರು ಬಾಯಿಬಿಡುವ ರೀತಿಯೇ ಅದು, ನನಗೆ ಆಶ್ಚರ್ಯವಾಗಲಿಲ್ಲ. ಮೊದಲು ಮನೋವೈದ್ಯರನ್ನು ಕಂಡು ಬರಲು ಹೇಳಿದೆ. ಅವರು ಕೊಟ್ಟ ಮಾತ್ರೆಯಿಂದ ನಿದ್ದೆ ಸ್ವಲ್ಪ ಕುದುರಿದ ಮೇಲೆ ನಮ್ಮ ಮಾತುಕತೆ ಶುರುವಾಯಿತು.

ಅಧ್ಯಕ್ಷಗಿರಿ ಎಂದರೇನು ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಯರ್ ಎಂಬ ಹೆಸರು ಮಹಾನಗರ ಪಾಲಿಕೆಗಳಿಗೆ ಮಾತ್ರ. ಪುರಸಭೆಗೆ ಇರುವುದು ಅಧ್ಯಕ್ಷರು. ಸದಸ್ಯರ ಅವಧಿ 5 ವರ್ಷವಾದರೂ ಅಧ್ಯಕ್ಷರದು 30 ತಿಂಗಳು. ಆ ಕುರ್ಚಿ ಯಾವ ವರ್ಗಕ್ಕೆ ಎಂಬುದನ್ನು ಸರ್ಕಾರದ ಮೀಸಲಾತಿ ಪಟ್ಟಿ ತೀರ್ಮಾನಿಸುತ್ತದೆ. ಅಧ್ಯಕ್ಷರು ಸಭೆ ನಡೆಸುತ್ತಾರೆ, ವಿಷಯಗಳನ್ನು ಚರ್ಚೆಗೆ ತರುತ್ತಾರೆ. ಆದರೆ ದಿನನಿತ್ಯದ ಆಡಳಿತವೂ ಮನೆ, ನಿವೇಶನಗಳ ಖಾತೆಯ ಕಡತವೂ ಮುಖ್ಯಾಧಿಕಾರಿಯ ಕೈಯಲ್ಲಿರುತ್ತವೆ. ಕರೆಂಟು ಎಸ್ಕಾಂನವರದು, ಊರೊಳಗೆ ಹಾದುಹೋಗುವ ಹೆದ್ದಾರಿ ಲೋಕೋಪಯೋಗಿ ಇಲಾಖೆಯವರದು. ಊರಿನ ಜನಕ್ಕೆ ಇದಾವುದೂ ಸಂಬಂಧವಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೂ, ಬೀದಿದೀಪ ಕೆಟ್ಟರೂ, ಇ-ಖಾತಾ ತಡವಾದರೂ ಬೆಳಿಗ್ಗೆ ಆರಕ್ಕೆ ತಟ್ಟುವುದು ಅಧ್ಯಕ್ಷರ ಮನೆ ಬಾಗಿಲನ್ನೇ.

ಇವರಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಪುರಸಭೆಯ ಗುತ್ತಿಗೆಯಲ್ಲಿ ಸದಸ್ಯರಾದವರು ನೇರವಾಗಿಯಾಗಲಿ ಮರೆಯಲ್ಲಿಯಾಗಲಿ ಪಾಲು ಇಟ್ಟುಕೊಳ್ಳುವಂತಿಲ್ಲ. ಆ ಮಾತು ತಮ್ಮ ಮೇಲೆ ಬರಬಾರದೆಂದು, ಪುರಸಭೆಯ ಕೆಲಸ ಹಿಡಿದ ಗುತ್ತಿಗೆದಾರರಿಗೆ ಸಾಮಾನು ಕೊಡುವುದನ್ನೇ ಅವರು ನಿಲ್ಲಿಸಿದ್ದರು. ಅಂಗಡಿಗೆ ನಗದು ತರುತ್ತಿದ್ದವರು ಅವರೇ. ಉಳಿದವರು ಉದ್ರಿ ಗಿರಾಕಿಗಳು. ಪ್ರಾಮಾಣಿಕರಾಗಿದ್ದುದಕ್ಕೇ ವ್ಯಾಪಾರ ಸೊರಗಿದ ಮನುಷ್ಯ ಎಂಬ ಗೌರವ ನನ್ನಲ್ಲಿ ಮೊದಲ ದಿನವೇ ಮೂಡಿತ್ತು. ಬಹುಶಃ ಅದರಿಂದಲೇ ಮುಖ್ಯವಾದ ವಿಷಯ ನನ್ನ ಕಣ್ಣಿಗೆ ತಡವಾಗಿ ಬಿತ್ತು.

ಮೂರನೆಯ ಭೇಟಿಗೆ ಅವರ ಹೆಂಡತಿಯೂ ಬಂದರು. ಅಂಗಡಿಯನ್ನು ಈಗ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದವರು ಆಕೆಯೇ. ಬಟ್ಟೆಯ ಕೈಚೀಲದಿಂದ ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಪುಟ ತಿರುವಿದೆ. ಸಿಮೆಂಟು ಹನ್ನೆರಡು ಮೂಟೆ, ಅರ್ಧ ಇಂಚಿನ ಪೈಪು ನಾಲ್ಕು, ಸುಣ್ಣ, ಬೈಂಡಿಂಗ್ ತಂತಿ ಎಂದು ಗಂಡನ ಅಕ್ಷರದಲ್ಲಿ ಬರೆದ ಸಾಲುಗಳ ಪಕ್ಕದಲ್ಲಿ ಅಲ್ಲಲ್ಲಿ ಪೆನ್ಸಿಲಿನಿಂದ ‘ನೋ’ ಎಂದು ಗುರುತು ಹಾಕಿತ್ತು. ಇಂಗ್ಲಿಷಿನ ‘ನೋ’ ಇರಬೇಕು, ಇವರಿಗೆ ಇನ್ನು ಸಾಲ ಕೊಡಬಾರದು ಎಂದರ್ಥವಿರಬೇಕು ಎಂದುಕೊಂಡು ಹಾಗೆಯೇ ಕೇಳಿದೆ.

ಆಕೆ ನಕ್ಕುಬಿಟ್ಟರು. “ಅಲ್ಲ ಮೇಡಂ, ಅದು ನೋಡೋಣ. ದುಡ್ಡು ಕೇಳಿ ಅಂತ ನಾನು ಹೇಳಿದಾಗೆಲ್ಲ ಇವರು ‘ನೋಡೋಣ ಬಿಡು’ ಅಂದಿದಾರಲ್ಲ, ಅವಕ್ಕೆಲ್ಲ ಗುರುತು ಹಾಕ್ಕೊಂಡಿದೀನಿ.”

ಅಧ್ಯಕ್ಷರು ಬೇಸರದಿಂದ, “ಅದು ಸಾಲ ಅಲ್ಲ ಮೇಡಂ, ಜನ ನನ್ನ ಮೇಲೆ ಇಟ್ಟಿರೋ ವಿಶ್ವಾಸ” ಎಂದರು.

“ಹಾಗಾದ್ರೆ ಆ ವಿಶ್ವಾಸಾನೇ ಸಿಮೆಂಟ್ ಕಂಪನಿಗೆ ಕಟ್ಟಿ” ಎಂದ ಆಕೆ ನನ್ನ ಕಡೆ ತಿರುಗಿದರು. ಮುಂದಿನ ಮಾತನ್ನು ಅಂದು ಸಂಜೆಯೇ ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ: “ಈ ಪುಸ್ತಕದಲ್ಲಿರೋರೆಲ್ಲ ನಮಗೆ ಸಾಲಗಾರರು ಅಂತ ನೀವು ತಿಳ್ಕೊಂಡಿದೀರ. ಅಲ್ಲ. ಇವರೇ ಅವರಿಗೆ ಸಾಲಗಾರರು. ಖಾತೆ ಮಾಡಿಸಿಕೊಡಿ ಅಂತ ಬಂದವನಿಗೂ ನೋಡೋಣ ಅಂದಿದಾರೆ, ನಲ್ಲಿ ಹಾಕಿಸಿ ಅಂದವನಿಗೂ ನೋಡೋಣ ಅಂದಿದಾರೆ. ಈಗ ನಾನು ಬಾಕಿ ಕೇಳಿದ್ರೆ, ಅಧ್ಯಕ್ಷರು ನಮ್ಮ ಕೆಲಸ ಮಾಡ್ಲಿ, ಅವತ್ತೇ ಕೊಡ್ತೀವಿ ಅಂತಾರೆ. ಅದು ಇವರ ಕೈಲಿ ಆಗೋ ಕೆಲಸಾನೂ ಅಲ್ಲ.”

ಅಧ್ಯಕ್ಷರು ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ಒಂದೊಂದೇ ಪುಟ ತಿರುವಿದರು. ‘ನೋ’ ಗುರುತಿದ್ದ ಹೆಸರುಗಳ ಎದುರು ಬೆರಳಿಟ್ಟು, ಇವನದು ಖಾತೆ, ಇವನದು ಚರಂಡಿ, ಇವನ ಮಗನಿಗೆ ಹೊರಗುತ್ತಿಗೆ ಕೆಲಸ ಎಂದು ತಮಗೆ ತಾವೇ ಹೇಳಿಕೊಳ್ಳತೊಡಗಿದರು. ಹತ್ತು ನಿಮಿಷ ನಾವಿಬ್ಬರೂ ಮಾತನಾಡಲಿಲ್ಲ. ಕೊನೆಗೆ ಅವರು, “ಇದರಲ್ಲಿ ನಾನು ಸಹಿ ಹಾಕಬಹುದಾದ್ದು ಒಂದೂ ಇಲ್ಲ” ಎಂದರು.

ರಾಜೀನಾಮೆ ಕೊಡಿಸಿ ಎಂದು ಮನೆಯವರೆಲ್ಲ ನನ್ನ ಮೇಲೆ ಒತ್ತಡ ತಂದಿದ್ದರು. ನಾನು ಬೇಡವೆಂದೆ. ಬದಲಾಗಿ ಒಂದು ತಿಂಗಳು ‘ನೋಡೋಣ’ ಎಂಬ ಮಾತನ್ನೇ ಆಡಕೂಡದು ಎಂದು ಹೇಳಿದೆ. ಬಂದವರಿಗೆ ‘ಇದು ಸಭೆಯ ಮುಂದೆ ಬರುವ ವಿಷಯ, ಇಂಥ ದಿನ ಇಡುತ್ತೇನೆ’ ಎನ್ನಬೇಕು. ಇಲ್ಲವೇ ‘ಇದು ನನ್ನ ಕೈಯಲ್ಲಿಲ್ಲ, ಇಂಥವರಿಗೆ ಅರ್ಜಿ ಕೊಡಿ, ಬರೆಯಲು ಬಾರದಿದ್ದರೆ ನಾನೇ ಬರೆದುಕೊಡುತ್ತೇನೆ’ ಎನ್ನಬೇಕು. ಬಾಯಿತಪ್ಪಿ ‘ನೋಡೋಣ’ ಎಂದಾಗಲೆಲ್ಲ ಒಂದು ಗೀಟು ಎಳೆಯಬೇಕು. ಉದ್ರಿ ಪುಸ್ತಕವನ್ನು ಹೆಂಡತಿಗೆ ಒಪ್ಪಿಸಿ, ಅದರಲ್ಲಿ ತಾವು ಒಂದಕ್ಷರವನ್ನೂ ಬರೆಯಕೂಡದು.

ತಿಂಗಳಿಗೊಮ್ಮೆ ಪ್ರಕರಣಗಳನ್ನು ಚರ್ಚಿಸುವ ನಮ್ಮ ಗುಂಪಿನಲ್ಲಿ ಇದಕ್ಕೆ ಟೀಕೆ ಬಂತು. ಆಪ್ತಸಲಹೆಗಾರರು ಎದುರಿನವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ಮಾಡಬೇಕೇ ಹೊರತು, ಶಾಲೆಯ ಮೇಷ್ಟರಂತೆ ಇದನ್ನು ಮಾಡು, ಅದನ್ನು ಬಿಡು ಎನ್ನಬಾರದು ಎಂದರು. ತತ್ವವಾಗಿ ಒಪ್ಪುತ್ತೇನೆ, ಹೊಸಬರಿಗೆ ನಾನೂ ಅದನ್ನೇ ಕಲಿಸುತ್ತೇನೆ. ಆದರೆ ದಿನವಿಡೀ ಎದುರಿನವರ ಮುಖ ನೋಡಿ ಅವರಿಗೆ ಬೇಕಾದ ಉತ್ತರ ಕೊಟ್ಟೇ ರೂಢಿಯಾದ ಮನುಷ್ಯನನ್ನು ‘ನಿಮಗೇನು ಅನ್ನಿಸುತ್ತದೆ’ ಎಂದು ಕೇಳಿದರೆ, ಆತ ನನಗೆ ಬೇಕಾದ ಉತ್ತರವನ್ನೇ ಕೊಡುತ್ತಾನೆ. ಎರಡು ಭೇಟಿಗಳಲ್ಲಿ ಇವರು ಮಾಡಿದ್ದೂ ಅದನ್ನೇ. ನಾನು ಏನು ಕೇಳಿದರೂ ‘ಮಾಡೋಣ ಮೇಡಂ’ ಎನ್ನುತ್ತಿದ್ದರು, ಏನೂ ನಡೆಯುತ್ತಿರಲಿಲ್ಲ. ಅಳತೆಗೆ ಸಿಗುವಂಥ ಒಂದು ಕೆಲಸ ಅವರಿಗೆ ಬೇಕಿತ್ತು. ರಾಜೀನಾಮೆ ಬೇಡವೆಂದದ್ದಕ್ಕೂ ಕಾರಣ ಇಷ್ಟೇ: ಕುರ್ಚಿ ಬಿಟ್ಟರೂ ‘ಆಗುವುದಿಲ್ಲ’ ಎನ್ನಲು ಬಾರದ ನಾಲಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅದೇ ಕೆಲಸ ಮುಂದುವರಿಸುತ್ತದೆ. ಅಧಿಕಾರ ಇರುವಾಗಲೇ ಅದರ ಮಿತಿಯನ್ನು ಬಾಯಿಬಿಟ್ಟು ಹೇಳಲು ಕಲಿಯುವುದು ಸುಲಭವಲ್ಲ, ಆದರೆ ಕಲಿತರೆ ಉಳಿಯುತ್ತದೆ. ನನ್ನಲ್ಲಿಗೆ ಬಂದ ಮಾಜಿಗಳು ಹೆಚ್ಚಿನವರು ನರಳುತ್ತಿದ್ದುದು ಅಧಿಕಾರ ಹೋದದ್ದಕ್ಕಲ್ಲ, ಇಲ್ಲದ ಅಧಿಕಾರದ ಹೆಸರಿನಲ್ಲಿ ಕೊಟ್ಟ ಮಾತುಗಳಿಗೆ. ಮನೆಯವರಿಗೂ ಒಂದು ಮಾತು ಹೇಳಬೇಕು: ‘ನಿಮಗೆ ಊರೇ ಹೆಚ್ಚು’ ಎಂಬ ಜಗಳದಿಂದ ಏನೂ ಬದಲಾಗುವುದಿಲ್ಲ. ಈ ಹೆಣ್ಣುಮಗಳಂತೆ ಲೆಕ್ಕದ ಪುಸ್ತಕ ತಂದು ಮುಂದಿಟ್ಟರೆ ಮಾತು ಬೇರೆ ಕಡೆ ತಿರುಗುತ್ತದೆ.

ಮುಂದಿನ ಭೇಟಿಗೆ ಅವರು ಸಿಮೆಂಟ್ ಬಿಲ್ಲಿನ ಹಿಂಬದಿಯಲ್ಲಿ ಗೀಟು ಎಳೆದು ತಂದಿದ್ದರು. ಮೊದಲ ದಿನದ ಸಾಲಿನಲ್ಲಿ ಮೂವತ್ತೊಂದು ಗೀಟು, ಎರಡನೆಯ ವಾರದ ಕೊನೆಯಲ್ಲಿ ಒಂಬತ್ತು. ‘ನನ್ನ ಕೈಯಲ್ಲಿಲ್ಲ’ ಎಂದದ್ದಕ್ಕೆ ಇಬ್ಬರು ಬೈದು ಹೋಗಿದ್ದರು, ಒಬ್ಬ ವಾರ್ಡ್ ಸದಸ್ಯರು ಮುನಿಸಿಕೊಂಡಿದ್ದರು, ಉಳಿದವರು ಅರ್ಜಿ ಬರೆಸಿಕೊಂಡು ಹೋಗಿದ್ದರು. ಬಾಕಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬಂದಿದೆ. ಉಳಿದದ್ದು ಬರುವುದಿಲ್ಲವೆಂದು ಆಕೆಗೂ ಗೊತ್ತು. ಅವಧಿ ಮುಗಿಯುವ ಹೊತ್ತಿಗೆ ಮಾತ್ರೆಯನ್ನು ಮನೋವೈದ್ಯರೇ ಹಂತಹಂತವಾಗಿ ನಿಲ್ಲಿಸಿದ್ದರು.

ಕಳೆದ ತಿಂಗಳು ಆಕೆ ಫೋನ್ ಮಾಡಿದ್ದರು. ಪತಿ ಅಂಗಡಿಯಲ್ಲಿ ಕೂರುತ್ತಾರೆ, ಬೆಳಗಿನ ಐದೂವರೆವರೆಗೆ ನಿದ್ದೆ ಮಾಡುತ್ತಾರೆ. ಮುಂದಿನ ಚುನಾವಣೆಗೆ ವಾರ್ಡಿನಿಂದ ಮತ್ತೆ ನಿಲ್ಲಬೇಕೆಂದು ಪಕ್ಷದವರು ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದರಂತೆ. ಏನೆಂದರು ಎಂದು ಕೇಳಿದೆ.

“ನೋಡೋಣ ಅಂದ್ರು ಮೇಡಂ.”

ಬುಧವಾರ ಹನ್ನೊಂದಕ್ಕೆ ಇಬ್ಬರೂ ಬನ್ನಿ ಎಂದು ಹೇಳಿ ಡೈರಿಯಲ್ಲಿ ಬರೆದುಕೊಂಡೆ.