ಕರು ಹಾಕಿ ನಾಲ್ಕು ತಿಂಗಳಾದರೂ ಹಸು ಬೆದೆಗೆ ಬಂದಿಲ್ಲ. ಯಾವ ಇಂಜೆಕ್ಷನ್ ಕೊಡಿಸಿದರೆ ಬೇಗ ಬರುತ್ತದೆ?

ಯಾವ ಇಂಜೆಕ್ಷನ್ ಅನ್ನುವುದು ಆಮೇಲಿನ ಮಾತು. ಹಸು ಖಾಲಿ ಇದೆಯಾ, ಅಂದರೆ ಗಬ್ಬ ಆಗಿಲ್ಲ ತಾನೇ ಅಂತ ಡಾಕ್ಟರು ಕೈ ಹಾಕಿ ನೋಡಿದ್ದಾರಾ?

ನಮ್ಮದು ತೀರ್ಥಹಳ್ಳಿ ಕಡೆ. ನಮ್ಮ ಜೆರ್ಸಿ ಕ್ರಾಸ್ ಹಸುವೂ ಹೀಗೇ ಇತ್ತು. ಕೂಗಲಿಲ್ಲ, ಲೋಳೆ ಹಾಕಲಿಲ್ಲ. ಇಂಜೆಕ್ಷನ್ ಕೊಡಲು ಬಂದವರು "ಕೊನೆಗೆ ಯಾವಾಗ ಗಬ್ಬ ಕಟ್ಟಿಸಿದ್ದು?" ಅಂತ ಕೇಳಿದರು. "ಕಟ್ಟಿಸಿಯೇ ಇಲ್ಲ" ಅಂದೆ. ಸುಳ್ಳೇನಲ್ಲ, ನಾನು ಕಟ್ಟಿಸಿರಲಿಲ್ಲ. ಆದರೆ ಹಸುವನ್ನು ಬೇಣಕ್ಕೆ, ಅಂದರೆ ಗುಡ್ಡದ ಹುಲ್ಲುಗಾವಲಿಗೆ ಬಿಡುತ್ತಿದ್ದೆವು, ಅಲ್ಲಿ ಊರಿನ ಮಲೆನಾಡು ಗಿಡ್ಡ ಹೋರಿಗಳೂ ಮೇಯುತ್ತವೆ. ಅಷ್ಟು ಕುಳ್ಳ ಹೋರಿ ಈ ಎತ್ತರದ ಹಸುವನ್ನು ಹಾರುತ್ತದೆ ಅಂತ ನನ್ನ ತಲೆಗೇ ಬರಲಿಲ್ಲ. ಬೇಣದ ಇಳಿಜಾರು ಸಿಕ್ಕರೆ ಹೋರಿಗೆ ಎತ್ತರ ಯಾವ ಲೆಕ್ಕ!

ಕೊಡಿಸಿದ್ದು ಪ್ರೋಸ್ಟಾಗ್ಲಾಂಡಿನ್. ಅಂಡಾಶಯದ ಮೇಲೆ ಹಳದಿ ಗಂಟೊಂದು ಬೆಳೆಯುತ್ತದೆ, ಅದು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಬಿಡುತ್ತಿರುವ ತನಕ ಬೆದೆ ಇಲ್ಲ. ಈ ಔಷಧ ಆ ಗಂಟನ್ನು ಕರಗಿಸುತ್ತದೆ, 2ರಿಂದ 5 ದಿನದಲ್ಲಿ ಹಸು ಬೆದೆಗೆ ಬರುತ್ತದೆ. ಆದರೆ ಗಬ್ಬದ ಹಸುವಿನಲ್ಲಿ ಕರುವನ್ನು ಉಳಿಸಿಕೊಂಡಿರುವುದೂ ಅದೇ ಗಂಟು. ನಮ್ಮ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಮಾಸು ಬೀಳದೆ ಗರ್ಭಕೋಶ ಕೀವಾಯಿತು. ಕರುವೂ ಹೋಯಿತು, ಆ ವರ್ಷದ ಹಾಲೂ ಹೋಯಿತು. ಮೊದಲೇ ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಎರಡು ತಿಂಗಳ ಗಬ್ಬವನ್ನು ಅನುಭವ ಇರುವ ಪಶುವೈದ್ಯರು ಕೈಯಲ್ಲೇ ಹೇಳುತ್ತಾರೆ, ಸ್ಕ್ಯಾನ್‌ನಲ್ಲಿ ಒಂದು ತಿಂಗಳಿಗೇ ಕಾಣುತ್ತದೆ.

ಖಾಲಿಯೇ ಇದೆ ಅನ್ನಿ. ಆಗಲೂ ಸೀದಾ ಸೂಜಿಗೆ ಹೋಗಬೇಡಿ. ಹಸು ಬಡಕಲಾಗಿ ಅಂಡಾಶಯವೇ ಮಲಗಿದ್ದರೆ ಕರಗಿಸಲು ಗಂಟೇ ಇರುವುದಿಲ್ಲ, ಪ್ರೋಸ್ಟಾಗ್ಲಾಂಡಿನ್ ಕೊಟ್ಟರೂ ದುಡ್ಡು ದಂಡ. ಮಳೆಗಾಲದ ನೀರು ಹುಲ್ಲು ತಿಂದು ಹಾಲು ಕೊಡುವ ಹಸುವಿಗೆ ಮೊದಲು ಹಿಂಡಿ, ಖನಿಜ ಮಿಶ್ರಣ, ಜಂತಿನ ಔಷಧ. ಮತ್ತೆ, ಬೆದೆ ಬಂದು ಹೋಗುತ್ತಿದ್ದರೂ ನೀವು ನೋಡದೇ ಇರಬಹುದು. ಇರುವುದೇ ಅರ್ಧ ದಿನದಷ್ಟು, ಅದೂ ಎಷ್ಟೋ ಸಲ ರಾತ್ರಿ. ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಕೊಟ್ಟಿಗೆಗೆ ಹೋಗಿ ನೋಡಿ. ಒಮ್ಮೆ ಕಂಡರೆ ಅಲ್ಲಿಂದ 21 ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಇಷ್ಟಾದ ಮೇಲೂ ಹಾರ್ಮೋನ್ ಬೇಕು ಅಂತ ಡಾಕ್ಟರು ಹೇಳಿದರೆ ಕೊಡಿಸಿ, ನನ್ನ ತಕರಾರಿಲ್ಲ. ಮೆಡಿಕಲ್ ಶಾಪಿನಿಂದ ತಂದು ನೀವೇ ಚುಚ್ಚಬೇಡಿ ಅಷ್ಟೆ. ಮನೆಯಲ್ಲಿ ಬಸುರಿಯರು, ಉಬ್ಬಸ ಇರುವವರು ಇದ್ದರೆ ಪ್ರೋಸ್ಟಾಗ್ಲಾಂಡಿನ್ ಬಾಟಲಿ ಮುಟ್ಟಲೇಬಾರದು. ಕೈಗೆ ಚೆಲ್ಲಿದರೆ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ.