ಕುಂಡ ಎಣಿಸಿದ ಓದುಗರಿಗೆ

ಪತ್ರ: ಕಾರವಾರದ ಬಾಡಿಗೆ ಮನೆಯ ಎರಡನೆಯ ಮಹಡಿ ನಮ್ಮದು. 9 ಅಡಿ ಉದ್ದ, 4 ಅಡಿ ಅಗಲದ ಬಾಲ್ಕನಿಯಲ್ಲಿ 61 ಕುಂಡಗಳಿವೆ, ನಿಲ್ಲಲೂ ಜಾಗವಿಲ್ಲ. ನನ್ನ ಪಿಂಚಣಿ ಅಷ್ಟಕ್ಕಷ್ಟೆ. ಆದರೂ ನನ್ನಾಕೆ ಭಾನುವಾರದ ಸಂತೆಯಿಂದ ಗಿಡವಿಲ್ಲದೆ ಮರಳಿದ್ದಿಲ್ಲ. ಈ ಹುಚ್ಚಿಗೆ ಮದ್ದೇನು?
– ಓದುಗರೊಬ್ಬರು, ಕಾರವಾರ

ಮಾನ್ಯರೇ,

ನಿಮ್ಮ ಆತಂಕದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 12 ಇಂಚಿನ ಕುಂಡ ಆಷಾಢದ ಮಳೆಗೆ ನೆನೆದರೆ 20 ಕಿಲೋ ಮೀರುತ್ತದೆ. ಅಂಥವನ್ನು ಗೋಡೆಯ ಬುಡಕ್ಕೆ ಸರಿಸಿ. ತಟ್ಟೆಗಳಲ್ಲಿ ನಿಂತ ನೀರನ್ನು ವಾರ ತುಂಬುವುದರೊಳಗೆ ಚೆಲ್ಲಿ, ಇಲ್ಲವಾದರೆ ಡೆಂಗಿ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ. ನಿಮ್ಮ ಪರವಾಗಿ ಹೇಳಬೇಕಾದದ್ದು ಇಲ್ಲಿಗೆ ಮುಗಿಯಿತು.

ಇನ್ನು ನನ್ನ ತಕರಾರು. ಪತ್ರದಲ್ಲಿ ಬಾಲ್ಕನಿಯ ಅಳತೆಯಿದೆ, ಕುಂಡಗಳ ಲೆಕ್ಕವಿದೆ, ಪಿಂಚಣಿಯ ಮಾತಿದೆ. ಒಂದೇ ಒಂದು ಗಿಡದ ಹೆಸರಿಲ್ಲ. ಹೆಸರು ತಿಳಿಯದವರಿಗೆ 61 ಎಂಬುದು ಬರೀ ಸಂಖ್ಯೆಯಾಗಿ ಕಾಣುವುದು ಸಹಜವೇ.

ನಾನು ಬೆಳೆದದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ಆಯಿ (ನನ್ನಮ್ಮ) ಮದುವೆಗೆ ಹೋಗಲಿ, ತಿಥಿಯೂಟಕ್ಕೆ ಹೋಗಲಿ, ಮರಳುವಾಗ ಅಡಿಕೆ ಹಾಳೆಯ ಚೂರಿನಲ್ಲಿ ಸುತ್ತಿದ ಯಾವುದಾದರೊಂದು ಡೇರೆ ಹೂವಿನ ಗೆಡ್ಡೆ ಕೈಯಲ್ಲಿ ಇದ್ದೇ ಇರುತ್ತಿತ್ತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲವೆಂದು ಅಪ್ಪ ಗೊಣಗುತ್ತಿದ್ದರು. ಆದರೆ ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟ ಪದ್ಧತಿ ನಮ್ಮ ಘಟ್ಟದ ಮೇಲಿನದು. ಒಂದು ಎಕರೆ ಸಾಕುವುದಕ್ಕೆ ಒಂಬತ್ತು ಎಕರೆ ಬೇಕೆಂದಾಗ ಅದು ವ್ಯವಸಾಯ. ಹೆಂಗಸರು ಅಂಗಳದ ಮೂಲೆಯಲ್ಲಿ ಇನ್ನೊಂದು ಗೆಡ್ಡೆ ಊರಿದರೆ ಮಾತ್ರ ಹುಚ್ಚು!

ಡೇರೆಯ ಮೂಲ ಮೆಕ್ಸಿಕೋ. ಅಲ್ಲಿಂದ 1789ರಲ್ಲಿ ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂದ ಈ ಗಿಡಕ್ಕೆ, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ದಾಲ್ ಅವರ ನೆನಪಿಗಾಗಿ 1791ರಲ್ಲಿ ಡೇಲಿಯಾ ಎಂದು ಹೆಸರಿಟ್ಟರು. ನಮ್ಮ ಹೆಂಗಸರ ಬಾಯಲ್ಲಿ ಅದು ಡೇರೆಯಾಯಿತು. ಇದರ ಬೀಜ ಬಿತ್ತಿದರೆ ತಾಯಿಗಿಡದ ಹೂವೇ ಅರಳುವುದೆಂಬ ಭರವಸೆಯಿಲ್ಲ. ಅದೇ ಬಣ್ಣ, ಅದೇ ಎಸಳು ಬೇಕಾದರೆ ಗೆಡ್ಡೆಯನ್ನೋ ಟೊಂಗೆಯನ್ನೋ ಕೈಯಿಂದ ಕೈಗೆ ದಾಟಿಸುತ್ತಲೇ ಇರಬೇಕು. ಒಂದು ಮಳೆಗಾಲದಲ್ಲಿ ಆಯಿಯ ಕುಂಕುಮ ಬಣ್ಣದ ಡೇರೆ ಬುಡಸಮೇತ ಕೊಳೆತುಹೋಯಿತು. ಅದು ನಮ್ಮ ಅಂಗಳಕ್ಕೆ ಮರಳಿದ್ದು, ಕೆಲವು ವರ್ಷಗಳ ಹಿಂದೆ ಆಯಿಯಿಂದಲೇ ಗೆಡ್ಡೆ ಒಯ್ದಿದ್ದ ಇನ್ನೊಬ್ಬಾಕೆಯ ಹಿತ್ತಲಿನಿಂದ. ಆಕೆಯ ಹಿತ್ತಲಿನಲ್ಲಿಯೂ ಜಾಗವಿರಲಿಲ್ಲ. ಶಿರಸಿಯ ‘ವನಸ್ತ್ರೀ’ ಬಳಗದ ಹೆಣ್ಣುಮಕ್ಕಳು ಹಿತ್ತಲ ತರಕಾರಿಯ ಬೀಜಗಳನ್ನು ಉಳಿಸಿ ಹಂಚುತ್ತಿರುವುದೂ ಇದೇ ಜಾಡಿನಲ್ಲಿ.

ಖರ್ಚಿನ ಮಾತಿಗೆ ಬಂದರೆ, ದಾಸವಾಳ, ಕ್ರೋಟನ್, ನಂದಿಬಟ್ಟಲುಗಳ ಟೊಂಗೆಯನ್ನು ಮಳೆಗಾಲದಲ್ಲಿ ಊರಿದರೆ ಬೇರುಬಿಡುತ್ತದೆ. ನೆರೆಮನೆಯವರಿಂದ ಕೇಳಿ ತಂದರೆ ದುಡ್ಡಿಲ್ಲ, ಕೇಳದೆ ತಂದ ಗಿಡ ಇನ್ನೂ ಚೆನ್ನಾಗಿ ಬರುತ್ತದೆಂಬ ನಂಬಿಕೆಯೂ ಇದೆ. (ಸಂಪಾದಕನಾಗಿ ನಾನು ಇದನ್ನು ಅನುಮೋದಿಸಲಾರೆ.)

ಜಾಗವಿಲ್ಲ ಎನ್ನುತ್ತೀರಿ. ಅದನ್ನು ಕಸಿದುಕೊಂಡದ್ದು ನಿಮ್ಮ ಮನೆಯವರೇ? ಈಗಿನ ಕಟ್ಟಡಗಳಲ್ಲಿ ಮನೆಗೆರಡು ಕಾರು ನಿಲ್ಲಿಸಲು ಗೆರೆ ಹಾಕಿರುತ್ತಾರೆ, ಒಂದು ತುಳಸಿ ಊರುವಷ್ಟು ಮಣ್ಣನ್ನು ಬಿಟ್ಟಿರುವುದಿಲ್ಲ. ಹಳ್ಳಿಗಳಲ್ಲೂ ಸಗಣಿ ಸಾರಿಸುತ್ತಿದ್ದ ಅಂಗಳಗಳಿಗೆ ಇಂಟರ್‌ಲಾಕ್ ಹಾಸಿ, ಅದರ ಸಂದಿಯಲ್ಲಿ ಹುಲ್ಲು ಚಿಗುರಿದರೆ ಔಷಧ ಹೊಡೆಯುತ್ತಿದ್ದಾರೆ. ಅದಕ್ಕೆ ಸುರಿಯುವ ದುಡ್ಡನ್ನು ಯಾರೂ ದುಂದು ಎಂದದ್ದನ್ನು ನಾನು ಕೇಳಿಲ್ಲ.

ಮುಂದಿನ ಭಾನುವಾರ ಸಂತೆಗೆ ನೀವೂ ಜೊತೆಯಲ್ಲಿ ಹೋಗಿ. ಚೀಲ ನಿಮ್ಮ ಕೈಯಲ್ಲಿರಲಿ. ಬಂದ ಮೇಲೆ ಆ 61 ಗಿಡಗಳ ಹೆಸರನ್ನು ಅವರಿಂದ ಕೇಳಿ ಬರೆದು ಕಳುಹಿಸಿ. ಪಟ್ಟಿಯಲ್ಲಿ ಭಟ್ಕಳ ಮಲ್ಲಿಗೆಯಿದ್ದರೆ ಒಂದು ಬಳ್ಳಿ ನನಗೂ ಬೇಕು. ನಮ್ಮ ಮನೆಯಲ್ಲೂ ಜಾಗವಿಲ್ಲ.

– ಸಂಪಾದಕ