ಬೈಬಲ್ ಎಡಕ್ಕೋ ಬಲಕ್ಕೋ?

ನೀವು ಕೇಳಿದ್ದು ಇಷ್ಟು: ಟೆಕ್ಸಸ್‌ನಲ್ಲಿರುವ ನಿಮ್ಮ ಭಾವ ಫ್ಯಾಮಿಲಿ ಗ್ರೂಪಿಗೆ ಬೈಬಲಿನ ಪ್ರಸಂಗಿ ಪುಸ್ತಕದ 10:2 ಹಾಕಿದ್ದಾರೆ. ಜ್ಞಾನಿಯ ಮನಸ್ಸು ಬಲಕ್ಕೆ, ಮೂಢನ ಮನಸ್ಸು ಎಡಕ್ಕೆ ಅನ್ನುವ ವಚನ ಅದು. ಹಾಗಾಗಿ ನಿಜವಾದ ಕ್ರೈಸ್ತರು ಬಲಪಂಥದ ರಿಪಬ್ಲಿಕನ್ ಪಕ್ಷಕ್ಕೇ ವೋಟು ಹಾಕಬೇಕು ಅನ್ನುತ್ತಾರಂತೆ. ಬೈಬಲ್ ನಿಜಕ್ಕೂ ಬಲಪಂಥದ ಕಡೆ ಇದೆಯಾ?

ಇಲ್ಲ. ಆ ವಚನ ಬರೆದ ಕಾಲಕ್ಕೆ ರಾಜಕೀಯದಲ್ಲಿ ಎಡ ಬಲ ಅನ್ನುವುದೇ ಇರಲಿಲ್ಲ. ಅದು ಶುರುವಾಗಿದ್ದು 1789ರಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನಿಗೆ ವೀಟೋ, ಅಂದರೆ ಕಾನೂನು ತಡೆಯುವ ಅಧಿಕಾರ, ಇರಲಿ ಅನ್ನುವವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಅನ್ನುವವರು ಎಡಕ್ಕೆ. ಪ್ರಸಂಗಿ ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯದು. ಎಡಗೈಲಿ ದುಡ್ಡು ಕೊಟ್ಟರೆ ನಮ್ಮ ಮನೆಗಳಲ್ಲಿ ಹಿರಿಯರು ಬೈಯುತ್ತಾರಲ್ಲ, ಆ ಜಾತಿಯ ಹಳೇ ನಂಬಿಕೆ ಅಷ್ಟೇ ಅಲ್ಲಿರುವುದು. ಭಾವ ಅದೇ ಹಠ ಹಿಡಿದರೆ ಮತ್ತಾಯ 25 ತೆರೆದು ತೋರಿಸಿ. ಅಲ್ಲೂ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ಆದರೆ ಬಲಕ್ಕೆ ಹೋದವರು ಯಾರು? ಹಸಿದವರಿಗೆ ಊಟ ಕೊಟ್ಟವರು, ಹೊರಗಿನಿಂದ ಬಂದ ಪರದೇಶಿಗೆ ಜಾಗ ಕೊಟ್ಟವರು, ಸೆರೆಮನೆಗೆ ಹೋಗಿ ಮಾತಾಡಿಸಿದವರು. ಇವತ್ತು ಅಮೆರಿಕದಲ್ಲಿ ಈ ಅಧ್ಯಾಯವನ್ನು ಜಾಸ್ತಿ ಎತ್ತಿ ಹೇಳುವವರು ಎಡಪಂಥದವರೇ.

ಬೈಬಲಿಗೂ ರಾಜಕೀಯಕ್ಕೂ ಸಂಬಂಧವೇ ಇಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಜಮೀನು, ಸಾಲ, ಬಡ್ಡಿ, ಕೂಲಿ, ತೆರಿಗೆ, ಹೊರಗಿನಿಂದ ಬಂದವರು, ಎಲ್ಲದರ ಬಗ್ಗೆಯೂ ಕಾನೂನು ಇದೆ, ಅದೂ ವಿವರವಾಗಿ. ವರ್ಷಗಟ್ಟಲೆ ಸಂಡೇ ಸ್ಕೂಲಲ್ಲಿ ಪಾಠ ಮಾಡಿದವನು ನಾನು. ಮಕ್ಕಳಿಗೆ ದಾವೀದ ಗೊಲ್ಯಾತರ ಕಥೆ ಹೇಳುತ್ತೇವೆ, ಯಾಜಕಕಾಂಡ 25 ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನಗೆ ಬೈಬಲಿನಲ್ಲಿ ಅದಕ್ಕಿಂತ ಸ್ವಾರಸ್ಯದ ರಾಜಕೀಯ ಅಧ್ಯಾಯ ಇಲ್ಲ.

ಅಲ್ಲಿ ಏನಿದೆ ಅಂದರೆ, ಇಸ್ರೇಲಿನಲ್ಲಿ ಹೊಲವನ್ನು ಶಾಶ್ವತವಾಗಿ ಮಾರುವಂತಿಲ್ಲ. ಕಷ್ಟ ಬಂದು ಮಾರಿದರೂ ಐವತ್ತನೇ ವರ್ಷ, ಅಂದರೆ ಜೂಬಿಲಿ ವರ್ಷ, ಅದು ಮೂಲ ಕುಟುಂಬಕ್ಕೆ ವಾಪಸ್. ಬೆಲೆ ಕಟ್ಟುವುದು ಕೂಡ ಜೂಬಿಲಿಗೆ ಇನ್ನೆಷ್ಟು ಬೆಳೆ ಉಳಿದಿದೆ ಅಂತ ಎಣಿಸಿ. ಹಾಗಾಗಿ ಕೊಂಡವನಿಗೆ ಸಿಗುವುದು ಒಂದಷ್ಟು ವರ್ಷದ ಗುತ್ತಿಗೆ ಇದ್ದ ಹಾಗೆ. ಮಾರುಕಟ್ಟೆಯೇ ದೇವರು ಅನ್ನುವವರಿಗೆ ಇದು ನುಂಗಲಾರದ ತುತ್ತು. ಸರಿ, ಹಾಗಾದರೆ ಇದು ಸಮಾಜವಾದವಾ? ಅದೂ ಅಲ್ಲ. ಜಮೀನು ಸರ್ಕಾರಕ್ಕೆ ಹೋಗುವುದಿಲ್ಲ, ಎಲ್ಲರಿಗೂ ಸಮವಾಗಿ ಹಂಚುವುದೂ ಇಲ್ಲ, ಮನೆತನಕ್ಕೇ ಮರಳುತ್ತದೆ. ಇನ್ನೊಂದು ವಿಷಯ, ಕೋಟೆ ಇರುವ ಪಟ್ಟಣದೊಳಗಿನ ಮನೆಗೆ ಈ ನಿಯಮವೇ ಇಲ್ಲ. ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಖಾಯಂ. ಅನ್ನ ಕೊಡುವ ಹೊಲಕ್ಕೊಂದು ಕಾನೂನು, ಪೇಟೆ ಮನೆಗೊಂದು ಕಾನೂನು. ಇದನ್ನು ಯಾವ ಪಕ್ಷದ ಪ್ರಣಾಳಿಕೆಗೆ ಸೇರಿಸುತ್ತೀರಿ?

ನಾಬೋತನ ಕಥೆ ಅರ್ಥವಾಗಬೇಕಾದರೂ ಇದು ಗೊತ್ತಿರಬೇಕು (1 ಅರಸುಗಳು 21). ರಾಜ ಅಹಾಬ ಅವನ ದ್ರಾಕ್ಷಿತೋಟ ಕೇಳುತ್ತಾನೆ, ಬದಲಿಗೆ ಇನ್ನೂ ಒಳ್ಳೆಯ ತೋಟ ಅಥವಾ ದುಡ್ಡು ಕೊಡುತ್ತೇನೆ ಅನ್ನುತ್ತಾನೆ. ಪಿತ್ರಾರ್ಜಿತ ಆಸ್ತಿ, ಕೊಡಲ್ಲ ಅನ್ನುತ್ತಾನೆ ನಾಬೋತ. ರಾಣಿ ಈಜೆಬೆಲ್ ಸುಳ್ಳು ಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸುತ್ತಾಳೆ. ಬಲಪಂಥದವರಿಗೆ ಇದು ಖಾಸಗಿ ಆಸ್ತಿಗೆ ಕೈ ಹಾಕಿದ ಸರ್ಕಾರದ ಕಥೆ, ಎಡಪಂಥದವರಿಗೆ ಬಡವನ ಭೂಮಿ ನುಂಗಿದ ದೊಡ್ಡವರ ಕಥೆ. ಇಬ್ಬರೂ ಹೇಳುವುದು ನಿಜವೇ!

ಇಂಥದ್ದನ್ನೆಲ್ಲ ಬಿಟ್ಟು ಒಂದೊಂದು ವಚನ ಕಿತ್ತುಕೊಂಡು ಎಸೆದಾಡುವುದು ಹೇಗಿರುತ್ತದೆ ಅನ್ನುವುದಕ್ಕೆ 2013ರ ಒಂದು ಉದಾಹರಣೆ. ಅಮೆರಿಕದ ಸಂಸತ್ತಿನ ಕೃಷಿ ಸಮಿತಿಯಲ್ಲಿ ಬಡವರ ಆಹಾರ ನೆರವು ಕಡಿತದ ಚರ್ಚೆ. ಡೆಮಾಕ್ರಟಿಕ್ ಸದಸ್ಯರೊಬ್ಬರು ಮತ್ತಾಯ 25 ಎತ್ತಿದರು. ಟೆನ್ನೆಸ್ಸಿಯ ರಿಪಬ್ಲಿಕನ್ ಸದಸ್ಯರೊಬ್ಬರು, ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅನ್ನುವ ಪೌಲನ ಮಾತು ಹೇಳಿ ತಿರುಗೇಟು ಕೊಟ್ಟರು. 2 ಥೆಸಲೊನೀಕ 3:10 ಅದು. ತಮಾಷೆ ಏನು ಗೊತ್ತಾ? ಹೆಚ್ಚುಕಮ್ಮಿ ಇದೇ ಮಾತು 1936ರ ಸೋವಿಯತ್ ಸಂವಿಧಾನದ 12ನೇ ವಿಧಿಯಲ್ಲೂ ಇತ್ತು. ಸ್ಟಾಲಿನ್ನನಿಗೂ ಬೇಕಾದ ವಚನ, ಟೆನ್ನೆಸ್ಸಿಯ ರಿಪಬ್ಲಿಕನ್ನರಿಗೂ ಬೇಕಾದ ವಚನ.

ಎಡಪಂಥದವರೂ ಕಮ್ಮಿಯೇನಿಲ್ಲ. ಆದಿ ಸಭೆಯವರು, ಅಂದರೆ ಮೊದಲ ಕ್ರೈಸ್ತರು, ಎಲ್ಲವನ್ನೂ ಹಂಚಿಕೊಂಡು ಬಾಳಿದರು, ಅದೇ ಕಮ್ಯುನಿಸಂ ಅಂತ ಅಪೊಸ್ತಲರ ಕೃತ್ಯಗಳು 4 ತೋರಿಸುತ್ತಾರೆ, ಮುಂದಿನ ಪುಟ ತಿರುಗಿಸುವುದಿಲ್ಲ. 5:4ರಲ್ಲಿ ಪೇತ್ರ ಅನನೀಯನಿಗೆ, ಮಾರುವ ಮುಂಚೆ ಹೊಲ ನಿನ್ನದೇ ಆಗಿತ್ತಲ್ಲವಾ, ಮಾರಿದ ಮೇಲೂ ದುಡ್ಡು ನಿನ್ನ ಕೈಯಲ್ಲೇ ಇತ್ತಲ್ಲವಾ ಅಂತ ಕೇಳುತ್ತಾನೆ. ಬಲವಂತ ಇರಲಿಲ್ಲ ಅಂತಾಯಿತು. ಅವನ ತಪ್ಪು, ದುಡ್ಡಲ್ಲಿ ಒಂದು ಪಾಲು ಬಚ್ಚಿಟ್ಟು ಪೂರ್ತಿ ಕೊಟ್ಟೆ ಅಂತ ಸುಳ್ಳು ಹೇಳಿದ್ದು. ಅದೇ ಥರ ಬಲಪಂಥದವರು, ಬಡವರು ಯಾವಾಗಲೂ ಇದ್ದೇ ಇರುತ್ತಾರೆ ಅಂತ ಯೇಸುವೇ ಹೇಳಿದ್ದಾನಲ್ಲ, ನೆರವು ಕೊಟ್ಟು ಏನು ಪ್ರಯೋಜನ ಅನ್ನುತ್ತಾರೆ. ಧರ್ಮೋಪದೇಶಕಾಂಡ 15:11ರಲ್ಲೂ ಅದೇ ಮಾತಿದೆ. ಆದರೆ ಅಲ್ಲಿ ಅದೇ ಉಸಿರಲ್ಲಿ, ಆದ್ದರಿಂದ ಕೈಬಿಚ್ಚಿ ಕೊಡು ಅನ್ನುವ ಆಜ್ಞೆಯೂ ಬರುತ್ತದೆ.

ಗರ್ಭಪಾತ, ಮದುವೆ ವಿಷಯಕ್ಕೆ ಬರುತ್ತೇನೆ, ನಿಮ್ಮ ಭಾವ ಅಲ್ಲಿಗೇ ಬರುವುದು ಖಂಡಿತ. ಮದುವೆಯ ಬಗ್ಗೆ ಮತ್ತಾಯ 19 ಓದಿದರೆ ಸಂಪ್ರದಾಯಸ್ಥರ ವಾದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ, ಸುಮ್ನೆ ಅಲ್ಲಗಳೆಯಲು ಆಗುವುದಿಲ್ಲ. ಗರ್ಭಪಾತದ ಬಗ್ಗೆ ನೇರ ಆಜ್ಞೆ ಇಲ್ಲ. ತಾಯಿಯ ಗರ್ಭದಲ್ಲೇ ದೇವರು ನನ್ನನ್ನು ರೂಪಿಸಿದ ಅನ್ನುವ ಕೀರ್ತನೆ 139 ಗರ್ಭಪಾತ ಬೇಡ ಅನ್ನುವವರು ಓದುತ್ತಾರೆ, ಪೆಟ್ಟು ಬಿದ್ದು ಗರ್ಭ ಹೋದರೆ ದಂಡ ಅನ್ನುವ ವಿಮೋಚನಕಾಂಡ 21:22 ಇನ್ನೊಂದು ಕಡೆಯವರು. ಬೈಬಲ್ ನಂಬುವವರು ಅಂದರೆ ಗರ್ಭಪಾತದ ವಿರೋಧಿಗಳು ಅನ್ನುವ ಈ ಬಲಪಂಥೀಯ ಪ್ಯಾಕೇಜ್ ಎಷ್ಟು ಹೊಸದು ಅಂದರೆ, ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲಿ, ಅತ್ಯಾಚಾರ, ತಾಯಿಯ ಆರೋಗ್ಯದಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನಲ್ಲಿ ಅವಕಾಶ ಇರಲಿ ಅಂತಲೇ ನಿರ್ಣಯ ಮಾಡಿತ್ತು. ಅದಕ್ಕೂ ಹಿಂದೆ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅಂತ ಒಬ್ಬರಿದ್ದರು. 1896, 1900, 1908ರಲ್ಲಿ ಮೂರು ಸಲ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. ಸಾಲಗಾರ ರೈತರ ಪರ, ದೊಡ್ಡ ಬ್ಯಾಂಕುಗಳ ವಿರುದ್ಧ. ಅದೇ ಮನುಷ್ಯ 1925ರಲ್ಲಿ, ಶಾಲೆಯಲ್ಲಿ ವಿಕಾಸವಾದ ಕಲಿಸಿದ ಆರೋಪದ ಮೇಲೆ ಒಬ್ಬ ಮೇಷ್ಟ್ರ ಮೇಲೆ ನಡೆದ ಸ್ಕೋಪ್ಸ್ ಮೊಕದ್ದಮೆಯಲ್ಲಿ, ಆ ವಾದದ ವಿರುದ್ಧ ಬೈಬಲ್ ಹಿಡಿದು ವಾದಿಸಿದರು. ಇವತ್ತಾಗಿದ್ದರೆ ಅವರನ್ನು ಯಾವ ಪಕ್ಷ ಸೇರಿಸಿಕೊಳ್ಳುತ್ತಿತ್ತು ಹೇಳಿ!

ವೋಟು ಭಾವ ಯಾರಿಗಾದರೂ ಹಾಕಲಿ. ತೆರಿಗೆ ಎಷ್ಟಿರಬೇಕು, ಬಡವರಿಗೆ ಅಕ್ಕಿ ಸರ್ಕಾರ ಕೊಡಬೇಕೋ ಚರ್ಚ್ ಕೊಡಬೇಕೋ, ಇದಕ್ಕೆ ಬೈಬಲಿನಲ್ಲಿ ರೆಡಿ ಉತ್ತರ ಇಲ್ಲ. ಅದು ಲೆಕ್ಕ, ಅನುಭವ ನೋಡಿ ಮಾಡುವ ವಾದ. ಗ್ರೂಪಿನಲ್ಲಿ ಉತ್ತರ ಕೊಡಲೇಬೇಕು ಅಂತಿದ್ದರೆ ಯಾಜಕಕಾಂಡ 19 ಪೂರ್ತಿ ಕಳಿಸಿ. 15ನೇ ವಚನ, ತೀರ್ಪು ಕೊಡುವಾಗ ಬಡವನ ಪರವೂ ವಾಲಬೇಡ, ದೊಡ್ಡವನ ಮುಖವನ್ನೂ ನೋಡಬೇಡ ಅನ್ನುತ್ತದೆ. 34ನೇ ವಚನ, ನಿಮ್ಮಲ್ಲಿ ಇಳಿದುಕೊಂಡಿರುವ ಪರದೇಶಿಯನ್ನು ಸ್ವದೇಶದವನ ಹಾಗೆಯೇ ನೋಡಿ ಅನ್ನುತ್ತದೆ. ಟೆಕ್ಸಸ್‌ನಲ್ಲಿರುವ ಕನ್ನಡಿಗರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.